ಮುನೀಂದ್ರ ಮೇಷ್ಟ್ರ ಹಿಟ್ಟಿನ ಮಿಷನ್ನು
ರಾಬರ್ಟ್‌ಸನ್‌ಪೇಟೆಯ ಹಿಟ್ಟಿನ ಮಿಷನ್ನಿನ ಮೇಲಿನ ಕೋಣೆಯಲ್ಲಿ ಟ್ಯೂಷನ್ ಹೇಳುವ ಮುನೀಂದ್ರ ಮೇಷ್ಟ್ರು ಬಂಗಾರಪೇಟೆಯಿಂದ ರೈಲಿನಲ್ಲಿ ಕರಿ ಪ್ಯಾಂಟು ತೊಟ್ಟು ಬರುತ್ತಾರೆ, ಬೂದು ಪ್ಯಾಂಟಿನಲ್ಲಿ ಹಿಂದಿರುಗುತ್ತಾರೆ. ಮೆತ್ತಿದ್ದು ಸೀಮೆಸುಣ್ಣವೋ ಕೆಳಗಿನಿಂದೆದ್ದ ಹಿಟ್ಟೋ ಅವರ ಹೆಂಡತಿಗೂ ಇನ್ನೂ ತಿಳಿದಿಲ್ಲ. ಬೀಜಗಣಿತದ ಫಂಕ್ಷನ್ ಎಂದರೆ ಅವರಿಗೆ ಆ ಮಿಷನ್ನೇ. "ಆಕೋ ಕಾಳೆಲ್ಲಾ ಡೊಮೈನು, ಆಚೆ ಬೀಳೋ ಹಿಟ್ಟೆಲ್ಲಾ ರೇಂಜು ಕಣ್ರಪ್ಪಾ! ಒಂದೇ ರಾಗಿಗೆ ಒಂದ್ಸಲ ಹಿಟ್ಟು, ಒಂದ್ಸಲ ರವೆ ಬಂದ್ರೆ ಅದು ಫಂಕ್ಷನ್ನಲ್ಲ, ಮೋಸ!" ಎಂದು ಮಿಷನ್ನಿಗಿಂತ ಜೋರಾಗಿ ಕೂಗುತ್ತಾರೆ, ಕರೆಂಟು ಹೋಗಿ ಮಿಷನ್ನು ನಿಂತರೂ ಅವರು ನಿಲ್ಲುವುದಿಲ್ಲ. ಡೊಮೈನಿನ ವಿಷಯದಲ್ಲಂತೂ ಸಾಕ್ಷಾತ್ ಯಮಧರ್ಮರಾಯ. ಛೇದದಲ್ಲಿ 'ಎಕ್ಸ್ ಮೈನಸ್ ಎರಡು' ಕಂಡರೆ ಸಾಕು, ಛೇದವನ್ನು ಸೊನ್ನೆ ಮಾಡುವ ಆ ಎರಡರ ಪಕ್ಕ ಕೆಂಪು ಸೀಮೆಸುಣ್ಣದಲ್ಲಿ ಮೆಣಸಿನಕಾಯಿಯ ಚಿತ್ರ ಬರೆದು, "ಇದನ್ನ ರಾಗಿ ಮಿಷನ್‌ಗೆ ಆಕುದ್ರೆ ಊರೋರ ಮುದ್ದೆಯೆಲ್ಲಾ ಖಾರ, ತಗೀರಿ ಆಚೆಗೆ!" ಎಂದು ದಯೆದಾಕ್ಷಿಣ್ಯವಿಲ್ಲದೆ ಹೊರಗಟ್ಟುತ್ತಾರೆ. ಪೇಟೆಯ ಉಳಿದ ಟ್ಯೂಷನ್ನುಗಳೂ ಹಾಗೆಯೇ, ಅಂಕ ನೋಡಿ ಮಕ್ಕಳನ್ನು ಹೊರಗಟ್ಟುತ್ತವೆ. ಹೀಗೆ ಎಲ್ಲ ಕಡೆಯೂ ಬೇಡವಾದ ಲಿಖಿತಳನ್ನು ಅವಳಜ್ಜಿ ಚಿಕ್ಕವೆಂಕಟಮ್ಮ ಮೊನ್ನೆ ಮೆಟ್ಟಿಲು ಹತ್ತಿಸಿ ಕರೆತಂದಳು. ಬಾಗಿಲಲ್ಲೇ ನಿಂತು ಪಾಠವೆಲ್ಲ ಕೇಳಿ, "ನಮ್ ಉಡ್ಗೀನೂ ಆ ಮೆಣ್ಸಿನ್ಕಾಯಿ ತರಾನೇ ಸಾಮಿ, ಯಾರೂ ಒಳೀಕ್ ಬುಡ್ತಾ ಇಲ್ಲ" ಎಂದಳು. ಮಿಷನ್ನು ಗಡಗಡಿಸುತ್ತಲೇ ಇತ್ತು. ಮೇಷ್ಟ್ರು ಮಾತ್ರ ಯಾರೂ ಕೇಳಿರದಷ್ಟು ಮೆಲ್ಲಗೆ ಹೇಳಿದರು: "ಮೆಣಸಿನಕಾಯಿಗೆ ಬೇರೆ ಮಿಷನ್ ಇರ್ತದಮ್ಮ. ಬಾ ಮಗಾ, ಮುಂದೆ ಕೂತ್ಕೋ."