ಮಂಜಣ್ಣ ಹಾಕಿದ ನೀರು

ಮಂಜಣ್ಣ, ಆ ಕಂಬಗಳು ಬಿರುಕು ಬಿಟ್ಟಿದ್ದು ನಿಮ್ಮಿಂದಲ್ಲ. ಕಾಂಕ್ರೀಟಿನಲ್ಲೇ ಸತ್ವವಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು — ಗೊತ್ತಿದ್ದೂ ಮುಚ್ಚಿಟ್ಟೆ.

ಸಾಲಗಾಮೆ ಹತ್ತಿರದ ಆ ಶಾಲೆ ಕಟ್ಟಡಕ್ಕೆ ನೀವು ಮೇಸ್ತ್ರಿ, ನಾನು ಗುಣಮಟ್ಟ ನೋಡುವ ಎಂಜಿನಿಯರ್. ಕಂಬಕ್ಕೆ ಹಾಕುವ ಕಾಂಕ್ರೀಟಿನಲ್ಲೇ ಸ್ವಲ್ಪ ತೆಗೆದು ಅಚ್ಚಿಗೆ ತುಂಬಿ, ಆ ಕ್ಯೂಬುಗಳನ್ನು ವಾರ ನೀರಿನಲ್ಲಿಟ್ಟು, ಮಿಷನ್ನಿನಲ್ಲಿ ಒತ್ತಿ, ಎಷ್ಟು ಭಾರಕ್ಕೆ ಒಡೆದವೆಂದು ಬರೆಯುವುದು ನನ್ನ ಕೆಲಸ. ಒಡೆದೆ. ಬೆಲ್ಲದಚ್ಚಿನ ಹಾಗೆ ಪುಡಿಯಾದವು. ಗುತ್ತಿಗೆದಾರ ಕಳಿಸಿದ ಮರಳಲ್ಲಿ ಮಣ್ಣಿತ್ತೋ, ಸಿಮೆಂಟೇ ಹಳೆಯದೋ — ಹುಡುಕಬೇಕಾದವಳು ನಾನು, ಹುಡುಕಲಿಲ್ಲ. ಬರೆದರೆ ಕಂಬ ಕೆಡವಬೇಕಿತ್ತು. ನನ್ನ ಸೈಟಿನಲ್ಲಿ ಒಂದೂ ಫೇಲ್ ಇಲ್ಲವೆಂದು ಸಾಹೇಬರು ಮೀಟಿಂಗಿನಲ್ಲಿ ಹೊಗಳುತ್ತಿದ್ದ ಕಾಲ. ಆ ಹೊಗಳಿಕೆಯ ರುಚಿ ಹತ್ತಿಬಿಟ್ಟಿತ್ತು ನನಗೆ.

"ಕ್ಯೂಬ್ ಏನಾದ್ವು ಮೇಡಂ? ಮೇಲೆ ತಾರ್ಸಿ ಮೋಲ್ಡ್ ಆಕ್ಬೋದಾ?" ಎಂದು ಕೇಳಿದಿರಿ.

"ಹಾಕಿ ಮಂಜಣ್ಣ, ಚೆನ್ನಾಗಿವೆ" ಎಂದೆ.

ಆಮೇಲೆ ಸಿಮೆಂಟ್ ಧಾರಾಳವಾಗಿ ಸುರಿದು ಬೇರೆ ಕ್ಯೂಬು ಮಾಡಿಸಿ, ಅವುಗಳ ಫಲಿತಾಂಶವನ್ನೇ ಬರೆದಿಟ್ಟೆ.

ತಾರಸಿಯ ಭಾರ ಬಿದ್ದ ಮೇಲೆ ಕಂಬಗಳು ಬಿರಿದವು, ಕಟ್ಟಡ ಕೆಡವಿದರು. ಸದ್ಯ, ಯಾರಿಗೂ ಏನೂ ಆಗಲಿಲ್ಲ ಎಂದರು ಎಲ್ಲರೂ. ನಿಮಗೆ ಆಯಿತಲ್ಲ! ಕ್ಯೂಬು ಪಾಸಾಗಿದೆ, ಹಾಗಾದರೆ ಕಂಬ ಗಟ್ಟಿಯಾಗಲು ಮೇಸ್ತ್ರಿ ಸರಿಯಾಗಿ ನೀರು ಹಾಕಿಲ್ಲ — ವಿಚಾರಣೆಗೆ ಬಂದವರಿಗೆ ಅಷ್ಟೇ ಸಾಕಾಯಿತು. ನೀವೋ, ಕಂಬಕ್ಕೆ ಗೋಣಿಚೀಲ ಸುತ್ತಿ, ಭಾನುವಾರವೂ ಬಂದು ನೆನೆಸಿ ಹೋದವರು.

"ನೀವೇ ಕಣ್ಣಾರೆ ನೋಡಿದ್ರಲ್ಲ ಮೇಡಂ, ಒಂದ್ ಮಾತ್ ಏಳಿ" ಎಂದಿರಿ.

ನಾನು ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತೆ. ಆಮೇಲೆ ನಿಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲವಂತೆ. ಹೊಳೆನರಸೀಪುರದಲ್ಲಿ, ನಿಮ್ಮ ಬೀದಿಯವರೇ, 'ನೀರು ಹಾಕದ ಮೇಸ್ತ್ರಿ' ಎನ್ನುತ್ತಾರಂತೆ.

ಗೊರೂರಿನ ಕ್ವಾರ್ಟರ್ಸಿನಲ್ಲಿ ಈಗ ಒಬ್ಬಳೇ ಇದ್ದೇನೆ. ಅಂದು ಒಡೆಯದೆ ಉಳಿದ ಒಂದು ಕ್ಯೂಬು — ನಿಜವಾದದ್ದು — ಬಾಗಿಲು ಹಾಕಿಕೊಳ್ಳದಂತೆ ಅಡ್ಡ ಇಟ್ಟಿದ್ದೇನೆ, ಎಸೆಯಲು ಧೈರ್ಯವಾಗಲಿಲ್ಲ. ಕಾಲು ತಗುಲಿದರೆ ಅಂಚು ಉದುರುತ್ತದೆ, ಗುಡಿಸುತ್ತೇನೆ. ತೆರೆದ ಬಾಗಿಲಲ್ಲಿ ಬರುವವರು ಯಾರೂ ಇಲ್ಲ. ನಾನೇ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮಾತು ಬೆಳೆದರೆ ಎಲ್ಲಿ ನಿಮ್ಮ ಹೆಸರು ಬಂದೀತೋ ಎಂದು... ಸಂಜೆಗಳು ಬಹಳ ಉದ್ದ, ಮಂಜಣ್ಣ.

ನಾಳೆ ಈ ಕ್ಯೂಬನ್ನು ಚೀಲಕ್ಕೆ ಹಾಕಿಕೊಂಡು ಹಾಸನದ ಆಫೀಸಿಗೆ ಹೋಗುತ್ತೇನೆ. ಅಲ್ಲಿಂದ ನಿಮ್ಮ ಬೀದಿಗೆ. ಕ್ಷಮೆ ಕೇಳುವ ಮುಖ ನನಗಿಲ್ಲ. ಅಂದು ನೀವು ಕೇಳಿದ ಒಂದು ಮಾತನ್ನು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ: ಮಂಜಣ್ಣ ದಿನಾ ನೀರು ಹಾಕುತ್ತಿದ್ದರು. ನಾನು ನೋಡಿದ್ದೆ.