ಗೋಣಿ ಮರದ ಬುಡ ಗುಡಿಸುವ ಗಂಡಸು

ಅವತ್ತು ಬೆಳಿಗ್ಗೆಯೂ ನನ್ನ ಗಂಡ ಪೊರಕೆ ಹಿಡಿದು ಗೋಣಿ ಮರದ ಬುಡ ಗುಡಿಸುತ್ತಿದ್ದರು. ಅವರ ಹೆಸರು ಕಾಟಲಿಂಗಪ್ಪ. ಇದ್ದಾಗ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ನಮ್ಮ ಹಟ್ಟಿ ಮಾರಿಕಣಿವೆ ಗುಡ್ಡದ ಮಗ್ಗುಲಲ್ಲಿದೆ. ಮನೆ ಮುಂದೆ ಕುರಿರೊಪ್ಪ, ಪಕ್ಕದಲ್ಲಿ ಗೋಣಿ ಮರ. ಅದರ ಒಣಗಿದ ದೊಡ್ಡ ಕೊಂಬೆಯಲ್ಲಿ ಒಂದು ಪೊಟರೆ. ಬೇಸಿಗೆ ಬಂದರೆ ಅಲ್ಲಿಗೆ ಮಂಗಟ್ಟೆ ಹಕ್ಕಿ ಜೋಡಿ ಬರುತ್ತದೆ. ಬೂದು ಮೈ, ಉದ್ದ ಬಾಲ, ಕುಡುಗೋಲಿನಂಥ ಕೊಕ್ಕು. ಹೆಣ್ಣು ಒಳಗೆ ಕೂತು ತನ್ನ ಹಿಕ್ಕೆಯಿಂದಲೇ ಪೊಟರೆ ಬಾಯಿ ಮೆತ್ತಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಡುತ್ತದೆ. ಒಳಗಿರುವಾಗ ಅದರ ರೆಕ್ಕೆಯ ಗರಿಗಳು ಉದುರುತ್ತವೆ, ಹಾರಲಾಗುವುದಿಲ್ಲ. ಗಂಡು ಗೋಣಿಹಣ್ಣು, ಅತ್ತಿಹಣ್ಣು ನುಂಗಿಕೊಂಡು ಬಂದು, ಒಂದೊಂದೇ ಹೊರಗೆ ತೆಗೆದು ಸೀಳಿನಲ್ಲಿ ಕೊಡುತ್ತದೆ.

ಇದೆಲ್ಲ ಅವರು ಹೇಳಿದ್ದು. ಕುರಿ ಕಾಯುವ ಗಂಡಸು, ಬೇರೆ ಮಾತು ಕಡಿಮೆ. ತುರುವನೂರಿನಲ್ಲಿ ಒಂದು ಮದುವೆಗೆ ಹೋದಾಗ ಪಂಕ್ತಿಯಲ್ಲಿ ಕೂತು ಬೀಗರಿಗೆ ಇದನ್ನೇ ಹೇಳಿದರು. ಎಲ್ಲರೂ ನಕ್ಕರು. ನಾನು ಎಲೆಯಿಂದ ತಲೆ ಎತ್ತಲಿಲ್ಲ.

ಅವತ್ತು ನೀರಿಗೆ ಹೊರಟಿದ್ದ ಪಕ್ಕದ ಮನೆ ಯಲ್ಲಕ್ಕ ನಿಂತಳು.

"ಏನಪ್ಪ, ಹಕ್ಕಿ ಬಾಣಂತನ ಜೋರೈತೆ! ಅಂಟಿನುಂಡೆ ಕಟ್ಟಿಲ್ವೇನು?"

"ನೀನೇ ಕಟ್ಟಿಕೊಡು ಯಲ್ಲಕ್ಕ. ಗಂಡು ಹೊತ್ಕಂಡು ಹೋಗ್ತೈತೆ."

ನಾನು ಬಾಗಿಲಿಂದಲೇ ಅಂದೆ: "ಪೊರಕೆ ಇಡ್ರಿ ಅತ್ಲಾಗೆ. ಗಂಡ್ಸಾಗಿ ಬೀದ್ಯಾಗೆ ಗುಡುಸ್ತೀರಲ್ಲ, ಮಾನ ಹೋಗ್ತೈತೆ."

"ಲೇ, ನಿನ್ನೇದು ಗುಡುಸಿದ್ರೆ ತಾನೆ ಇವತ್ತಿಂದು ಕಾಣದು? ಹೊಸ ಬೀಜ ಬಿದ್ದಿದ್ರೆ ಒಳಗಿರೋಳು ಉಂಡವ್ಳೆ ಅಂತ."

ಸಂಜೆ ಕುರಿಗಳನ್ನು ರೊಪ್ಪಕ್ಕೆ ಕೂಡಿದರು. ಮುದ್ದೆ ಉಂಡರು. ಮಲಗಿದರು.

ಮಾರನೆ ದಿನ ಕುರಿ ಹೊಡೆದುಕೊಂಡು ದೊಡ್ಡ ರಸ್ತೆ ದಾಟುವಾಗ ಲಾರಿ ಬಂತು. ಕುರಿ ದಾಟಿದವು. ಅವರು ದಾಟಲಿಲ್ಲ.

ಗಂಡ ಸತ್ತವಳು ತಿಥಿ ಆಗುವವರೆಗೆ ಹೊರಗೆ ಮುಖ ತೋರಿಸಬಾರದು ಎನ್ನುವುದು ನಮ್ಮ ಹಟ್ಟಿಯ ಪದ್ಧತಿ. ಮೂಲೆಯಲ್ಲಿ ಕೂರಿಸಿದರು. ಬಾಗಿಲು ಒಂದಿಷ್ಟೇ ತೆರೆದಿರುತ್ತಿತ್ತು. ಯಲ್ಲಕ್ಕ ಗಂಜಿ ತಂದು ಆ ಸಂದಿಯಲ್ಲೇ ಒಳಗೆ ಸರಿಸುತ್ತಿದ್ದಳು. ಅದೇ ಸಂದಿಯಲ್ಲಿ ಗೋಣಿ ಮರ ಕಾಣುತ್ತಿತ್ತು. ಬುಡ ಗುಡಿಸುವವರಿಲ್ಲ. ಹಳೇ ಬೀಜದ ಮೇಲೆ ಎಲೆ, ಎಲೆ ಮೇಲೆ ಧೂಳು.

ತಿಥಿ ನಾಳೆ ಎನ್ನುವಾಗ ಮೈದುನ ಮಂಜಣ್ಣ ಕೊಡಲಿ ತಂದ. ಜೊತೆಗೆ ಅವನ ಗೆಳೆಯ ದುರುಗೇಶ್.

"ಈ ಒಣಕೊಂಬೆ ಕೆಡವಿದ್ರೆ ನಾಳೆ ಅಡಿಗೆ ಸೌದೆ ಆಯ್ತು," ಎಂದ ಮಂಜಣ್ಣ.

ನನಗೆ ಅನುಕೂಲವಾಗಲಿ ಅಂತಲೇ ಬಂದವನು. ಕೆಟ್ಟವನಲ್ಲ.

"ಯಲ್ಲಕ್ಕ, ಬ್ಯಾಡ ಅನ್ನು. ಅದ್ರಾಗೆ ಹಕ್ಕಿ ಐತೆ," ಎಂದು ಸಂದಿಯಲ್ಲಿ ಗಂಜಿ ಸರಿಸುತ್ತಿದ್ದವಳಿಗೆ ಅಂದೆ.

"ಜನ ಕಂಡು ಯಾವಾಗ್ಲೋ ಹೋಗೈತೆ ಕಣೆ. ಸುಮ್ನೆ ಕುಂತ್ಕ."

ದುರುಗೇಶ್ ಮರ ಹತ್ತಿದ. ಮಂಜಣ್ಣ ಕೊಡಲಿ ಮೇಲಕ್ಕೆ ಕೊಟ್ಟ.

ನಾನು ಎದ್ದು ಹೊರಗೆ ಬಂದೆ. ತಲೆ ಬಾಚಿರಲಿಲ್ಲ. ಕೈಯಲ್ಲಿ ಬಳೆ ಇರಲಿಲ್ಲ. ಬಂದ ನೆಂಟರೆಲ್ಲ ಜಗಲಿಯ ಮೇಲಿದ್ದರು. ಮುದುಕರು ಮುಖ ತಿರುಗಿಸಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅತ್ಗೇ, ಒಳಗೆ ನಡೀರಿ! ಎಲ್ರೂ ನೋಡ್ತಾವ್ರೆ."

"ಕೊಂಬ್ಯಾಗೆ ಹಕ್ಕಿ ಐತೆ. ಮುಟ್ಬ್ಯಾಡ್ರಿ."

ದುರುಗೇಶ್ ಮೇಲಿಂದ ಅಂದ: "ಪೊಟರೆ ಬಾಯೇ ಮುಚ್ಚೈತಲ್ಲಕ್ಕ!"

"ಮುಚ್ಚಿದ್ಕೇ ಐತೆ. ಇಳೀಯಪ್ಪ."

ಯಾರೂ ನಂಬಲಿಲ್ಲ. ಜಗಲಿಯ ಮೇಲೆ ಯಾರೋ "ಗಂಡನ ಹುಚ್ಚು ಹೆಂಡ್ತಿಗೂ ಹತ್ತೈತೆ" ಅಂದರು. ನಾನು ಪೊರಕೆ ತಂದು ಬುಡ ಗುಡಿಸಿದೆ. ಅಷ್ಟು ಜನರೆದುರು, ಸೂತಕದಲ್ಲಿ. ಎಲೆ, ಬೀಜ ಎಲ್ಲ ಗುಡಿಸಿ ನೆಲ ಬರಿದು ಮಾಡಿದೆ.

"ಈಗ ದೂರ ನಿಂತ್ಕಳ್ರಿ," ಅಂದೆ.

ದುರುಗೇಶ್ ಕೊಡಲಿ ಹಿಡಿದು ಇಳಿದ. ಎಲ್ಲರೂ ದೂರ ನಿಂತರು. ಬಿಸಿಲೇರಿತು. ಯಾರೋ ಕೆಮ್ಮಿದರು. ನಾನು ರೊಪ್ಪದ ಬೇಲಿ ಹಿಡಿದು ನಿಂತಿದ್ದೆ. ಹಕ್ಕಿ ನಿಜವಾಗಿಯೂ ಹೋಗಿಬಿಟ್ಟಿದ್ದರೆ ಯಾವ ಮುಖ ಹೊತ್ತು ಒಳಗೆ ಹೋಗಲಿ?

ಗುಡ್ಡದ ಕಡೆಯಿಂದ ಗಂಡು ಬಂತು. ಕೊಂಬೆಗೆ ಆತುಕೊಂಡು ಕತ್ತು ಕುಲುಕಿ ಒಂದು ಹಣ್ಣು ಕೊಕ್ಕಿನ ತುದಿಗೆ ತಂದಿತು. ಸೀಳಿನಿಂದ ಇನ್ನೊಂದು ಕೊಕ್ಕು ಬಂದು ತೆಗೆದುಕೊಂಡಿತು. ಗಂಡು ಹೋದ ಮೇಲೆ ಸೀಳಿನಿಂದ ಬೀಜ ತುಂಬಿದ ಹಸಿ ಹಿಕ್ಕೆ ಬರಿ ನೆಲದ ಮೇಲೆ ಬಿತ್ತು.

ಮಂಜಣ್ಣ ಅದನ್ನು ನೋಡಿದ. ನನ್ನನ್ನು ನೋಡಲಿಲ್ಲ. "ನಡಿಯೋ ದುರುಗೇಶ, ಹಳ್ಳದ ಕಡೆ ಜಾಲಿ ಸೌದೆ ತರಾಣ," ಎಂದು ಕೊಡಲಿ ಹೆಗಲಿಗೇರಿಸಿದ.

ನಾನು ಒಳಗೆ ಹೋಗಿ ಮೂಲೆಯಲ್ಲಿ ಕೂತೆ. ತಿಥಿಯಲ್ಲಿ ಉಣ್ಣಲು ಬಂದವರು ನನ್ನ ಅಳುವಿಗಿಂತ ಪೊರಕೆಯ ಸುದ್ದಿಯನ್ನೇ ಹೆಚ್ಚು ಆಡಿದರು.

ಈಗ ಬೆಳಿಗ್ಗೆ ಎದ್ದು ಗೋಣಿ ಮರದ ಬುಡಕ್ಕೆ ಹೋಗುತ್ತೇನೆ. ಯಲ್ಲಕ್ಕ ಬಿಂದಿಗೆ ಹಿಡಿದು ನಿಲ್ಲುತ್ತಾಳೆ. "ಬಾಣಂತನ ನಿನ್ ಪಾಲಿಗೆ ಬಂತೇನೆ?" ಮುಖ ಬಿಸಿಯಾಗುತ್ತದೆ. ತಲೆ ತಗ್ಗಿಸಿ ನಿನ್ನೆಯದನ್ನು ಗುಡಿಸುತ್ತೇನೆ.