ಮಾರುವುದಾದರೆ ಸರಿಯಾಗಿ ಮಾರು

ಕತ್ತರಿ ಹಿಡಿದರೆ ಕೆರೂಬೊಗೆ ಊಟದ ನೆನಪೂ ಇರುವುದಿಲ್ಲ. ನೈರೋಬಿಯ ಮೂಡಣ ಅಂಚಿನ ಹೊಲಿಗೆ ಅಂಗಡಿಯೊಂದರಲ್ಲಿ ಶಾಲೆ ಮಕ್ಕಳ ಅಂಗಿಗೆ ಬಟ್ಟೆ ಕತ್ತರಿಸುವವಳು ಅವಳೇ. ಮನೆಯೋ, ಪಡುವಣದ ಕವಾಂಗ್ವಾರೆಯಲ್ಲಿ. ಎಡಗಾಲು ಚಿಕ್ಕಂದಿನಿಂದ ಸೊಟ್ಟ, ಕೈಯಲ್ಲಿ ಊರುಗೋಲು. ಆದರೂ ದೂರಕ್ಕೆ ಹೆದರಿದವಳಲ್ಲ. ಕೂರಲು ಜಾಗ ಸಿಕ್ಕರೆ ಎಲ್ಲಿಗೆ ಬೇಕಾದರೂ ಹೋದಾಳು. ಅವಳ ಜೀವ ಹಿಂಡುತ್ತಿದ್ದದ್ದು ಗಾಡಿ ಬದಲಿಸುವ ಕರ್ಮ. ಪೇಟೆಯಲ್ಲಿ ಒಂದು ಮಟಾಟು ವ್ಯಾನು ಇಳಿದು, ಸಂತೆಯ ಗದ್ದಲದಲ್ಲಿ ಕುಂಟಿಕೊಂಡು ಇನ್ನೊಂದರ ಹತ್ತಿರ ಹೋಗುವಷ್ಟರಲ್ಲಿ, ಗಟ್ಟಿಕಾಲಿನವರು ಸೀಟು ಹಿಡಿದಾಗಿರುತ್ತಿತ್ತು. ಸಾಲದ್ದಕ್ಕೆ, ಜನ ಕಮ್ಮಿಯಾದರೆ ಕಂಡಕ್ಟರುಗಳು ನಡುದಾರಿಯಲ್ಲೇ ಎಲ್ಲರನ್ನೂ ಇಳಿಸಿ ಹಿಂದೆ ಬರುವ ಗಾಡಿಗೆ ದಾಟಿಸಿಬಿಡುತ್ತಿದ್ದರು. ಅದಕ್ಕೆ ಅಲ್ಲಿ ಎಲ್ಲರೂ 'ಮಾರೋದು' ಅಂತಲೇ ಅನ್ನುತ್ತಾರೆ.

"ಸಾಕು ಬಿಡು ಅತ್ತಿಗೆ, ಮನೆ ಮುಂದೆ ಸೊಪ್ಪು ಮಾರ್ಕೊಂಡಿರು," ಎಂದಳು ನಾದಿನಿ.

ಹಾಳಾಗಿ ಹೋಗಲಿ, ಈ ವಾರಕ್ಕೆ ಕೆಲಸ ಬಿಟ್ಟೇಬಿಡುತ್ತೇನೆ ಎಂದುಕೊಂಡಳು ಕೆರೂಬೊ. ಕತ್ತರಿ ನೆನಪಾಗಿ ಅಳು ಬಂತು.

ಮರುದಿನ ಬೆಳಿಗ್ಗೆ ಕಂಡಕ್ಟರ್ ವಫೂಲ ನಡುದಾರಿಯಲ್ಲಿ ಗಾಡಿಯ ತಗಡು ಬಡಿದ. "ಇಳೀರಿ ಇಳೀರಿ! ಹಿಂದಿನ ಗಾಡಿ ಹತ್ಕೊಳ್ಳಿ, ಮಾರಿದ್ದಾಯ್ತು!"

ಎಲ್ಲರೂ ಗೊಣಗುತ್ತ ಇಳಿದರು. ಕೆರೂಬೊ ಮಾತ್ರ ಕದಲಲಿಲ್ಲ.

"ಅಮ್ಮಾ, ಏಳೀಮ್ಮಾ."

"ಏಳಲ್ಲ ಕಣೋ! ನಾನೇನು ಕುರಿನಾ, ಕಂಡಕಂಡಲ್ಲಿ ಮಾರೋಕೆ? ಮಾರೋದಾದ್ರೆ ಸರಿಯಾಗಿ ಮಾರು. ಪೇಟೆ ಆಚೆ ಗಾಡೀಲಿ ಸೀಟು ಹಿಡಿಸಿ ಮಾರು!"

ಹೊರಗೆ ನಿಂತವರು ಗೊಳ್ಳೆಂದು ನಕ್ಕರು. ವಫೂಲ ತಲೆ ಕೆರೆದುಕೊಂಡ. "ನಿಮ್ ಬಾಯಿಗೊಂದು ದೊಡ್ಡ ನಮಸ್ಕಾರ," ಎಂದವನೇ ಫೋನು ಹಚ್ಚಿದ. "ಲೋ ಬರಾಕಾ, ಮುಂದಿನ ಸೀಟು ಇಟ್ಕೊಳ್ಳೋ. ಕೋಲು ಹಿಡಿದಿರೋ ಅಮ್ಮ ಒಬ್ರು ಬರ್ತಾರೆ. ಅವರನ್ನ ಬಿಟ್ಟು ಹೊರಟರೆ ನೋಡು!"

ಕೆರೂಬೊ ನಂಬಲಿಲ್ಲ. ಆದರೆ ಹಿಂದಿನ ಗಾಡಿ ಹತ್ತಿ ಪೇಟೆಗೆ ಬಂದು, ಸಂತೆ ದಾಟಿ ಹೋದರೆ, ಮೂಡಣ ದಿಕ್ಕಿನ ಗಾಡಿಯ ಮುಂದಿನ ಸೀಟಿನ ಮೇಲೆ ಒಂದು ಟೋಪಿ ಕೂತಿತ್ತು. ಕೇಳಿದವರಿಗೆಲ್ಲ ಆ ಗಾಡಿಯ ಕಂಡಕ್ಟರ್ ಬರಾಕಾ, "ಅದು ಮಾರಾಟ ಆಗಿದೆ, ನಡೀರಿ!" ಎಂದು ಗದರುತ್ತಿದ್ದ. ಅವಳು ಟೋಪಿ ಎತ್ತಿ ಅವನ ಕೈಗಿಟ್ಟು ಕೂತಳು.

ಅಂದಿನಿಂದ ವಫೂಲ ದಿನವೂ ಫೋನು ಮಾಡಿದ. ಅದೇ ಸಂತೆ, ಅದೇ ಗದ್ದಲ, ಅದೇ ಕುಂಟು ಕಾಲು. ಆದರೆ ಸೀಟು ಕಾದಿದೆ ಎಂದಾದ ಮೇಲೆ ಅವಳು ದಾರಿಯಲ್ಲಿ ನಿಂತು ಸುಟ್ಟ ಜೋಳದ ತೆನೆ ಕೊಳ್ಳುವುದನ್ನೂ ಕಲಿತಳು. ಕೆಲಸ ಬಿಡುವ ಮಾತು ಮರೆತೇಹೋಯಿತು.

ಮೊನ್ನೆ ಮತ್ತೆ ಗಾಡಿ ಖಾಲಿ ಹೊಡೆಯುತ್ತಿತ್ತು. ವಫೂಲ ಅವಳ ಮುಂದೆ ಕೈ ಹೊಸೆಯುತ್ತ ನಿಂತ. "ಅಮ್ಮಾ, ಇವತ್ತು ಮಾರಲೇಬೇಕಲ್ಲ..."

"ಬರಾಕಾ ಟೋಪಿ ಇಟ್ಟಿದ್ದಾನೇನೋ?"

"ಇಟ್ಟಿದ್ದಾನಮ್ಮಾ."

ಎಲ್ಲರಿಗಿಂತ ಮೊದಲು ಎದ್ದವಳು ಕೆರೂಬೊ. "ಹಾಗಾದ್ರೆ ಈ ಕೋಲು ಹಿಡ್ಕೊ, ಇಳೀತೀನಿ."